ಸಹವಾಸದ ಸಾಕ್ಷ್ಯ

1745ನೆಯ ಇಸವಿಯ ಮೇ ತಿಂಗಳಲ್ಲಿ, ಇಂದಿನ ಬೆಲ್ಜಿಯಂ ದೇಶಕ್ಕೆ ಸೇರಿದ ಫೊಂಟೆನ್ವಾ ಗ್ರಾಮದ ಬಯಲಿನಲ್ಲಿ ಫ್ರೆಂಚರಿಗೂ ಆಂಗ್ಲರ ಪಕ್ಷದವರಿಗೂ ನಡೆದ ಘೋರಯುದ್ಧದಲ್ಲಿ ಮಡಿದ ಸಹಸ್ರಾರು ಯೋಧರ ಪೈಕಿ, ಸ್ಕಾಟ್ಲೆಂಡಿನ ಕ್ಯಾರಿಕ್ ಮನೆತನದ ಕ್ಯಾಪ್ಟನ್ ಜಾನ್ ಕ್ಯಾಂಪ್‌ಬೆಲ್ ಎಂಬಾತನೂ ಒಬ್ಬನು. ಚರಿತ್ರೆಯು ಆತನ ಶೌರ್ಯವನ್ನು ಅಷ್ಟಾಗಿ ನೆನೆಯುವುದಿಲ್ಲ. ಆತನು ಹಿಂದೆ ಬಿಟ್ಟುಹೋದ ವ್ಯಾಜ್ಯವನ್ನು ಮಾತ್ರ ನೆನೆಯುತ್ತದೆ. ಆತನ ಧರ್ಮಪತ್ನಿ ತಾನೆಂದು ಹೇಳಿ ವಿಧವಾವೇತನವನ್ನು ಬೇಡಿ ಇಬ್ಬರು ಸ್ತ್ರೀಯರು ಮುಂದೆ ಬಂದರು. ಒಬ್ಬಳು ಜೀನ್ ಕ್ಯಾಂಪ್‌ಬೆಲ್; ಸುಮಾರು ಇಪ್ಪತ್ತು ವರ್ಷಗಳ ಕಾಲ ಆತನೊಡನೆ ಸಂಸಾರ ನಡೆಯಿಸಿ, ಬಂಧುಗಳಿಂದಲೂ ನೆರೆಹೊರೆಯವರಿಂದಲೂ ಕ್ಯಾಪ್ಟನನ ಹೆಂಡತಿಯೆಂದೇ ಗೌರವಿಸಲ್ಪಟ್ಟವಳು. ಇನ್ನೊಬ್ಬಳು ಮ್ಯಾಗ್ಡಲೆನ್ ಕಾಕ್ರನ್. ಜೀನಳನ್ನು ವರಿಸುವುದಕ್ಕೆ ಮೊದಲೇ ಕ್ಯಾಪ್ಟನನು ತನ್ನನ್ನು ಗುಪ್ತವಾಗಿ ಮದುವೆಯಾಗಿದ್ದನೆಂದು ಆಕೆಯ ವಾದ. ಮೊಕದ್ದಮೆ ಸ್ಕಾಟ್ಲೆಂಡಿನ ನ್ಯಾಯಸ್ಥಾನಗಳನ್ನು ದಾಟಿ ಲಂಡನ್ನಿನ ಪ್ರಭುಸಭೆಯನ್ನು ಮುಟ್ಟಿ, 1753ರಲ್ಲಿ ಜೀನಳ ಪಕ್ಷಕ್ಕೆ ತೀರ್ಪಾಯಿತು. ಕೂಡಿ ಬಾಳಿದವಳು ಗೆದ್ದಳು. ಆದರೆ ಅದಕ್ಕಾಗಿ ಆಕೆ ಎಂಟು ವರ್ಷ ಹೋರಾಡಬೇಕಾಯಿತು. ತೀರ್ಪಿತ್ತ ಪ್ರಭುಗಳಲ್ಲಿ ಕೆಲವರಿಗೆ, ಇಪ್ಪತ್ತು ವರ್ಷದ ದಾಂಪತ್ಯವನ್ನು ಯಾವಳೋ ಒಬ್ಬಳ ಹಳೆಯ ಗುಟ್ಟಿನ ಮಾತು ಅಲ್ಲಾಡಿಸಬಹುದಾದರೆ ಈ ದೇಶದಲ್ಲಿ ಯಾರ ಮದುವೆ ತಾನೆ ಭದ್ರ ಎಂಬ ಚಿಂತೆ ಹುಟ್ಟಿತು.

ಆ ಚಿಂತೆಯ ಫಲವಾಗಿ ಬಂದ ಶಾಸನವನ್ನು ಅರಿಯಬೇಕಾದರೆ ಅದಕ್ಕೆ ಆರುನೂರು ವರ್ಷ ಹಿಂದಿನ ವ್ಯವಸ್ಥೆಯನ್ನು ನೋಡಬೇಕು. ಗಂಡು ಹೆಣ್ಣುಗಳು ಸತಿಪತಿಗಳಂತೆ ಒಂದು ಮನೆಯಲ್ಲಿ ವಾಸಿಸುವುದಕ್ಕೆ ಆಂಗ್ಲರ ಧರ್ಮಾಧಿಕರಣಗಳಲ್ಲಿ, ಎಂದರೆ ಇಗರ್ಜಿಯ ನ್ಯಾಯಸ್ಥಾನಗಳಲ್ಲಿ, 'ಕೋಹ್ಯಾಬಿಟ್' ಎಂಬ ಕ್ರಿಯಾಪದ ಬಳಕೆಯಲ್ಲಿತ್ತು. ವಿವಾಹಿತರಿಗೆ ಅದು ಕರ್ತವ್ಯವನ್ನೂ ಅವಿವಾಹಿತರಿಗೆ ಅದೇ ಅಪರಾಧವನ್ನೂ ಸೂಚಿಸಿದ ಒಂದು ಕಾಲವುಂಟು. ಅದಕ್ಕೂ ಮೊದಲು, ಮದುವೆಯಾಗಿತ್ತೋ ಇಲ್ಲವೋ ಎಂಬ ಸಂಶಯ ಬಂದಾಗ ಅದು ಸಾಕ್ಷ್ಯವೂ ಆಗಿತ್ತು. ಸಾಕ್ಷ್ಯವಾಗಿದ್ದದ್ದು ಆಜ್ಞೆಯಾಗಿ ಪರಿಣಮಿಸಿದ ಬಗೆಯೇ ನಾನು ಇಲ್ಲಿ ನಿರೂಪಿಸಬಯಸುವ ಕಥೆ.

ಹನ್ನೆರಡನೆಯ ಶತಮಾನದಲ್ಲಿ ರೋಮಿನ ಧರ್ಮಪೀಠವನ್ನು ಆಳಿದ ಮೂರನೆಯ ಅಲೆಕ್ಸಾಂಡರ್ ಪೋಪನು, ವಿವಾಹಕ್ಕೆ ಪ್ರಾಣಭೂತವಾದದ್ದು ವಧೂವರರ ಸಮ್ಮತಿಯೇ ಹೊರತು ತಂದೆಯ ಅನುಮತಿಯಾಗಲಿ ಪುರೋಹಿತನ ಮಂತ್ರವಾಗಲಿ ಅಲ್ಲವೆಂದು ನಿರ್ಣಯಿಸಿದನು. 'ನಿನ್ನನ್ನು ವರಿಸುತ್ತೇನೆ' ಎಂದು ವರ್ತಮಾನದಲ್ಲಿ ಇಬ್ಬರೂ ನುಡಿದರೆ ಆ ಕ್ಷಣಕ್ಕೇ ಮದುವೆ. ಮುಂದೆ ವರಿಸುವೆನೆಂದು ಭವಿಷ್ಯತ್ತಿನಲ್ಲಿ ನುಡಿದು ಆ ಬಳಿಕ ದೇಹಸಂಬಂಧ ಬೆಳೆಸಿದರೆ ಆಗಲೂ ಮದುವೆ. ಇಗರ್ಜಿಯಲ್ಲಿ ಹೆಸರು ಸಾರಬೇಕು, ಪಾದ್ರಿಯ ಎದುರಿನಲ್ಲಿ ನಡೆಯಬೇಕು ಎಂಬ ವಿಧಿಗಳಿದ್ದುವು. ಅವನ್ನು ಮೀರಿದವರಿಗೆ ಪ್ರಾಯಶ್ಚಿತ್ತವೂ ಇತ್ತು. ಆದರೆ ಮೀರಿದ ಮಾತ್ರಕ್ಕೆ ಮದುವೆ ಅಸಿಂಧುವಾಗುತ್ತಿರಲಿಲ್ಲ. ನಮ್ಮ ಸ್ಮೃತಿಕಾರರು ಎಂಟು ಬಗೆಯ ವಿವಾಹಗಳನ್ನು ಎಣಿಸುತ್ತ ಗಾಂಧರ್ವಕ್ಕೆ ಕೊಟ್ಟ ಸ್ಥಾನ ಇದಕ್ಕೆ ತೀರ ದೂರದ್ದಲ್ಲ: ಶ್ಲಾಘ್ಯವಲ್ಲ, ಆದರೆ ವಿವಾಹವೇ. ಅದರ ಕಷ್ಟವೂ ಎರಡು ಕಡೆ ಒಂದೇ. ಕಣ್ವಾಶ್ರಮದ ಬಳ್ಳಿಮನೆಯಲ್ಲಿ ಇಬ್ಬರೇ ಇದ್ದಾಗ ನಡೆದದ್ದನ್ನು ದುಷ್ಯಂತನ ಆಸ್ಥಾನದಲ್ಲಿ ಶಕುಂತಲೆ ಹೇಗೆ ರುಜುಪಡಿಸಬೇಕು? ಮಹಾಭಾರತದ ಕವಿ ಆಕಾಶವಾಣಿಯಿಂದ ಸಾಕ್ಷ್ಯ ನುಡಿಸಿದನು. ಕಾಳಿದಾಸನು ಉಂಗುರವೊಂದನ್ನು ಕಲ್ಪಿಸಿ, ಅದನ್ನು ಮೀನಿನ ಹೊಟ್ಟೆಯಲ್ಲಿ ಕಳೆದು, ಬೆಸ್ತನಿಂದ ಮರಳಿ ತರಿಸಿದನು. ಆಂಗ್ಲರ ಧರ್ಮಾಧಿಕಾರಿಗಳಿಗೆ ಆಕಾಶವಾಣಿಯ ಸೌಕರ್ಯವಿರಲಿಲ್ಲ. ಉಂಗುರವನ್ನು ಯಾರೂ ಕೊಳ್ಳಬಹುದಾಗಿತ್ತು. ಉಳಿದದ್ದು ಒಂದೇ ದಾರಿ. ಈ ಇಬ್ಬರೂ ಒಂದು ಸೂರಿನ ಕೆಳಗೆ ಎಷ್ಟು ಕಾಲ ಇದ್ದರು, ಒಂದೇ ಮೇಜಿನಲ್ಲಿ ಉಂಡರೇ, ಅಂಗಡಿಯವನು ಈಕೆಯನ್ನು ಯಾವ ಹೆಸರಿನಿಂದ ಕರೆಯುತ್ತಿದ್ದನು, ಮಕ್ಕಳ ದೀಕ್ಷಾಸ್ನಾನದಲ್ಲಿ ತಂದೆಯೆಂದು ಯಾರು ನಿಂತರು ಎಂದು ನೆರೆಹೊರೆಯನ್ನು ಕೇಳುವುದು.

1563ರಲ್ಲಿ ಟ್ರೆಂಟಿನ ಧರ್ಮಪರಿಷತ್ತು, ಪಾದ್ರಿಯೂ ಸಾಕ್ಷಿಗಳೂ ಇಲ್ಲದ ಮದುವೆ ಮದುವೆಯೇ ಅಲ್ಲವೆಂದು ವಿಧಿಸಿ ಕ್ಯಾಥೊಲಿಕ್ ದೇಶಗಳಲ್ಲಿ ಈ ಸಡಿಲವನ್ನು ಬಿಗಿಗೊಳಿಸಿತು. ಆದರೆ ಎಂಟನೆಯ ಹೆನ್ರಿಯ ಕಾಲದಲ್ಲೇ ರೋಮಿನಿಂದ ಕಡಿದುಕೊಂಡಿದ್ದ ಇಂಗ್ಲೆಂಡಿಗೆ ಆ ವಿಧಿ ತಗಲಲಿಲ್ಲ. ಹೀಗಾಗಿ, ಪೋಪನನ್ನು ನಿರಾಕರಿಸಿದ ದೇಶವು ಪೋಪನೇ ಬಿಟ್ಟುಬಿಟ್ಟ ಹಳೆಯ ವಿವಾಹಧರ್ಮವನ್ನು ಮತ್ತೆರಡು ಶತಮಾನ ಪಾಲಿಸಿಕೊಂಡು ಬಂದಿತು.

ಆ ಎರಡು ಶತಮಾನಗಳ ಕಡೆಯ ಭಾಗದಲ್ಲಿ ಲಂಡನ್ನಿನ ಲಡ್‌ಗೇಟ್ ಗುಡ್ಡದ ಬಳಿ ಬೆಳೆದು ನಿಂತ ವ್ಯಾಪಾರವನ್ನು ವರ್ಣಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ಅಲ್ಲಿ ಫ್ಲೀಟ್ ಎಂಬ ಹಳ್ಳದ ದಡದಲ್ಲಿ ಸಾಲಗಾರರ ಸೆರೆಮನೆಯೊಂದಿತ್ತು. ಸಾಲ ತೀರಿಸಲಾರದೆ ಸೆರೆ ಸೇರಿದವರಲ್ಲಿ ಪಾದ್ರಿಗಳೂ ಇರುತ್ತಿದ್ದರು. ಇಗರ್ಜಿಯ ವೃತ್ತಿ ಮೊದಲೇ ಹೋಗಿದ್ದುದರಿಂದ ಬಿಷಪನು ಅವರಿಂದ ಕಿತ್ತುಕೊಳ್ಳಬಹುದಾದದ್ದು ಏನೂ ಉಳಿದಿರಲಿಲ್ಲ. ಸೆರೆಮನೆಯಲ್ಲಿಯೇ ಇದ್ದುದರಿಂದ ಸೆರೆಯ ಭಯವೂ ಇರಲಿಲ್ಲ. ಆದರೆ ದೀಕ್ಷೆ ಪಡೆದ ಪಾದ್ರಿ ನಡೆಯಿಸಿದ ಮದುವೆ ಎಲ್ಲಿ ನಡೆದರೂ ಸಿಂಧುವೇ. ಕಾವಲುಗಾರರಿಗೆ ಕಾಣಿಕೆಯಿತ್ತು ಸೆರೆಮನೆಯ ಸುತ್ತಣ ಬೀದಿಗಳಲ್ಲಿ ಬಿಡಾರ ಮಾಡಲು ಅನುಮತಿ ಪಡೆದಿದ್ದ ಈ ಮಹಾಶಯರು, ಅಲ್ಲಿನ ಹೆಂಡದಂಗಡಿಗಳ ಒಂದೊಂದು ಕೊಠಡಿಯನ್ನು ವಿವಾಹಮಂಟಪ ಮಾಡಿಕೊಂಡರು. ಕೈಗೆ ಕೈ ಹಿಡಿದ ಗಂಡುಹೆಣ್ಣುಗಳ ಚಿತ್ರ ಬರೆದ ಹಲಗೆಗಳು ಬಾಗಿಲುಗಳ ಮೇಲೆ ತೂಗಿದುವು. ಬೀದಿಯಲ್ಲಿ ಜೋಡಿಯಾಗಿ ನಡೆದವರ ಹಿಂದೆ ದಲ್ಲಾಳಿಗಳು ಓಡಿ, ಪಾದ್ರಿ ಬೇಕೇ, ಮದುವೆಯಾಗುವಿರಾ ಎಂದು ಪೀಡಿಸುವುದು ನಿತ್ಯದ ನೋಟವಾಯಿತು. ರುಸುಮು ಕಡಮೆ, ಪ್ರಶ್ನೆ ಇನ್ನೂ ಕಡಮೆ.

ನಾವಿಕರು, ಸೇವಕಿಯರು, ಕುಶಲಕರ್ಮಿಗಳು ಮೊದಲಾದ ಸಾಮಾನ್ಯರೇ ಇಲ್ಲಿಗೆ ಹೆಚ್ಚಾಗಿ ಬರುತ್ತಿದ್ದವರು; ಮನೆಯವರ ಕಣ್ಣು ತಪ್ಪಿಸಿ ಬಂದ ಶ್ರೀಮಂತರ ಮಕ್ಕಳೂ ಇದ್ದರು. ಗರ್ಭಿಣಿಯಾದವಳಿಗೆ ಹಿಂದಿನ ವರ್ಷದ ತೇದಿ ಹಾಕಿಕೊಡುವುದುಂಟು. ಹೆಸರು ಬೇಡವೆಂದವರಿಗೆ ಮೊದಲಕ್ಷರ ಮಾತ್ರ ಬರೆದುಕೊಡುವುದುಂಟು. ಹೆಂಡತಿಯ ಸಾಲಕ್ಕೆ ಗಂಡನೇ ಹೊಣೆಯೆಂಬ ಅಂದಿನ ನ್ಯಾಯವನ್ನು ಹಿಡಿದು, ಸಾಲದಲ್ಲಿ ಮುಳುಗಿದ ಹೆಂಗಸು ಬಾಡಿಗೆಯ ವರನೊಬ್ಬನನ್ನು ಗೊತ್ತುಮಾಡಿ ತಾಳಿಯ ಬದಲಿಗೆ ಸಾಲವನ್ನು ಅವನ ಕೊರಳಿಗೆ ಕಟ್ಟುವುದೂ ಉಂಟು. ಪ್ರತಿವರ್ಷ ಸಾವಿರಾರು ಮದುವೆಗಳು ಹೀಗೆ ನಡೆದುವು. ಅವನ್ನು ಬರೆದಿಟ್ಟ ಕಿರುಪುಸ್ತಕಗಳು ನೂರಾರು. 1821ರಲ್ಲಿ ಸರ್ಕಾರ ಅವನ್ನು ಕೊಂಡುಕೊಂಡಿತು, ಇಂದು ಅವು ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸೆರೆಮನೆಯ ಕೊಳಕು ಸಲ್ಲದೆಂಬ ಮರ್ಯಾದಸ್ಥರಿಗಾಗಿ ಮೇಫೇರ್ ಬಡಾವಣೆಯಲ್ಲಿ ಅಲೆಕ್ಸಾಂಡರ್ ಕೀತ್ ಎಂಬ ಪಾದ್ರಿಯ ಮಂದಿರವಿತ್ತು. ಧರ್ಮಾಧಿಕರಣವು ಅವನನ್ನು ಬಹಿಷ್ಕರಿಸಿ ಸೆರೆಗೆ ಕಳುಹಿಸಿದ ಮೇಲೂ ಸಹಾಯಕರ ಕೈಯಿಂದ ಅವನ ಕಾಯಕ ನಿಲ್ಲಲಿಲ್ಲ. 1752ರ ಫೆಬ್ರವರಿ 14ರ ನಡುರಾತ್ರಿ ಹ್ಯಾಮಿಲ್ಟನ್ ಡ್ಯೂಕನು ರೂಪವತಿಯೆಂದು ಪ್ರಖ್ಯಾತಳಾದ ಎಲಿಜಬೆತ್ ಗನ್ನಿಂಗಳನ್ನು ವರಿಸಿದ್ದು ಇಲ್ಲಿಯೇ. ಉಂಗುರ ಸಿಕ್ಕದೆ ಮಂಚದ ಪರದೆಯ ಬಳೆಯನ್ನೇ ತೊಡಿಸಿದರೆಂದು ಹೊರೇಸ್ ವಾಲ್‌ಪೋಲನು ಬರೆದಿದ್ದಾನೆ. ವಾಲ್‌ಪೋಲನ ಲೇಖನಿಗೆ ಚಾಡಿಯ ರುಚಿ ಸ್ವಲ್ಪ ಹೆಚ್ಚೇ. ಆದರೂ ಈ ಕಥೆಯನ್ನು ಬಿಡಲು ಮನಸ್ಸು ಬಾರದು.

ಇಂತಹ ಹಿನ್ನೆಲೆಯಲ್ಲಿ ಕ್ಯಾಂಪ್‌ಬೆಲ್ಲನ ವ್ಯಾಜ್ಯ ಬಂದು ತಲುಪಿದಾಗ, ಲಾರ್ಡ್ ಚಾನ್ಸಲರ್ ಆಗಿದ್ದ ಹಾರ್ಡ್‌ವಿಕ್ ಪ್ರಭುವು ತಡಮಾಡಲಿಲ್ಲ. 1753ರಲ್ಲಿ ಆತನು ತಂದ ಶಾಸನವು 1754ರ ಮಾರ್ಚಿ 25ರಂದು ಜಾರಿಗೆ ಬಂದಿತು. ಅಂದಿನಿಂದ ಇಂಗ್ಲೆಂಡಿನಲ್ಲಿ ಮದುವೆಯೆಂದರೆ ಹೆಸರು ಸಾರಿಸಿಯಾದರೂ ಪರವಾನಗಿ ಪಡೆದಾದರೂ ಆಂಗ್ಲಿಕನ್ ಇಗರ್ಜಿಯಲ್ಲಿ ಸಾಕ್ಷಿಗಳ ಎದುರಿನಲ್ಲಿ ನಡೆದು ಪುಸ್ತಕದಲ್ಲಿ ರುಜುವಾದ ಮದುವೆಯೇ. ಪರವಾನಗಿಯಿಂದ ಮದುವೆಯಾಗುವ ಇಪ್ಪತ್ತೊಂದು ತುಂಬದವರಿಗೆ ತಂದೆಯ ಸಮ್ಮತಿ ಬೇಕು. ನಿಯಮ ಮೀರಿದ ಪಾದ್ರಿಗೆ 14 ವರ್ಷದ ದ್ವೀಪಾಂತರವಾಸ. ಪುಸ್ತಕವನ್ನು ತಿದ್ದಿದವನಿಗೆ ಮರಣದಂಡನೆ. ಕ್ವೇಕರರಿಗೂ ಯೆಹೂದ್ಯರಿಗೂ ರಾಜಕುಟುಂಬದವರಿಗೂ ಮಾತ್ರ ವಿನಾಯಿತಿ. ಕಾಮನ್ಸ್ ಸಭೆಯಲ್ಲಿ ಇದನ್ನು ಅತ್ಯಂತ ಉಗ್ರವಾಗಿ ವಿರೋಧಿಸಿದವನು ಹೆನ್ರಿ ಫಾಕ್ಸ್. ರಿಚ್ಮಂಡ್ ಡ್ಯೂಕನ ಮಗಳನ್ನು 1744ರಲ್ಲಿ ತಂದೆತಾಯಿಗಳಿಗೆ ತಿಳಿಯದಂತೆ ವರಿಸಿದ್ದವನಾದುದರಿಂದ, ತತ್ತ್ವಕ್ಕೂ ಸ್ವಾನುಭವಕ್ಕೂ ಆತನಲ್ಲಿ ಭೇದವಿರಲಿಲ್ಲ. ಬಡವರು ಮದುವೆಯಾಗುವುದನ್ನೇ ಬಿಟ್ಟು ಸುಮ್ಮನೆ ಕೂಡಿ ಬಾಳುವರೆಂದು ವಿರೋಧಿಗಳು ಭವಿಷ್ಯ ನುಡಿದರು. ಜಾರಿಯ ಹಿಂದಿನ ದಿನ ಫ್ಲೀಟಿನ ಬೀದಿಗಳಲ್ಲೂ ಕೀತನ ಮಂದಿರದಲ್ಲೂ ನೂಕುನುಗ್ಗಲು. ಮರುದಿನ ಎಲ್ಲ ಮುಗಿಯಿತು. ಕೀತನು 1758ರಲ್ಲಿ ಫ್ಲೀಟ್ ಸೆರೆಮನೆಯಲ್ಲಿಯೇ ತೀರಿಕೊಂಡನು.

ಆ ಭವಿಷ್ಯವಾಣಿ ಫಲಿಸಿತೇ? ಫಲಿಸಿತೆಂದೇ ಬಹುಕಾಲ ಚರಿತ್ರಕಾರರು ನಂಬಿದ್ದರು. ಹಳ್ಳಿಗಾಡಿನ ಸಾಮಾನ್ಯ ಜನ ಪುಸ್ತಕದ ಮದುವೆಯನ್ನು ಲೆಕ್ಕಿಸದೆ, ಪೊರಕೆಯನ್ನು ಹಾರಿ, ಕೈಗೆ ಕೈ ಕಟ್ಟಿ, 'ರೂಢಿಯ ಮದುವೆ'ಯಲ್ಲಿ ಸುಖವಾಗಿದ್ದರೆಂಬ ಚಿತ್ರವೊಂದು ಗ್ರಂಥದಿಂದ ಗ್ರಂಥಕ್ಕೆ ಹರಿದುಬಂದಿತು. ರೆಬೆಕಾ ಪ್ರೋಬರ್ಟ್ ಎಂಬ ವಿದುಷಿ 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪ್ಯಾರಿಷ್ ಪುಸ್ತಕಗಳನ್ನು ಶೋಧಿಸಿ ಈ ಚಿತ್ರವನ್ನು ಬಹುಮಟ್ಟಿಗೆ ಅಳಿಸಿಹಾಕಿದ್ದಾರೆ: ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಮದುವೆಯಿಲ್ಲದೆ ಕೂಡಿ ಬಾಳಿದವರು ಅತ್ಯಲ್ಪ, ಹೊಸ ಶಾಸನಕ್ಕೆ ಜನ ಮರುಮಾತಿಲ್ಲದೆ ಹೊಂದಿಕೊಂಡರು. ನನಗೆ ಈ ಪಕ್ಷವೇ ಸರಿಯಾಗಿ ತೋರುತ್ತದೆ. ಪೂರ್ವಿಕರು ನಮಗಿಂತ ಕಟ್ಟುನಿಟ್ಟಾಗಿದ್ದರೆಂದು ಒಂದು ಪೀಳಿಗೆಯೂ ನಮಗಿಂತ ಸ್ವಚ್ಛಂದರಾಗಿದ್ದರೆಂದು ಇನ್ನೊಂದು ಪೀಳಿಗೆಯೂ ತಮತಮಗೆ ಬೇಕಾದ ಪೂರ್ವಿಕರನ್ನು ಕಲ್ಪಿಸಿಕೊಳ್ಳುವುದು ಹೊಸತಲ್ಲ. ವಿಚಿತ್ರವೆಂದರೆ, ಆ ಕಲ್ಪನೆ ಇಂದಿಗೂ ಜೀವಂತವಾಗಿದೆ: ಕೆಲವು ಕಾಲ ಕೂಡಿ ಬಾಳಿದರೆ ನ್ಯಾಯದ ದೃಷ್ಟಿಯಲ್ಲಿ ಸತಿಪತಿಗಳಾಗುವರೆಂದು ಇಂಗ್ಲೆಂಡಿನ ಹತ್ತಿರ ಹತ್ತಿರ ಅರ್ಧದಷ್ಟು ಜನ ನಂಬಿರುವುದಾಗಿ 2019ರ ಜನಾಭಿಪ್ರಾಯ ಸಮೀಕ್ಷೆಯೊಂದು ತಿಳಿಸುತ್ತದೆ. ಅಂತಹ ಕಾಯಿದೆ ಅಲ್ಲಿ ಇಲ್ಲ.

ಸ್ಕಾಟ್ಲೆಂಡಿನಲ್ಲಿ ಮಾತ್ರ ಇತ್ತು. ಹಾರ್ಡ್‌ವಿಕ್ಕನ ಶಾಸನ ಗಡಿಯ ಆಚೆಗೆ ಸಲ್ಲುತ್ತಿರಲಿಲ್ಲವಾದುದರಿಂದ, ಗಡಿ ದಾಟಿದೊಡನೆ ಸಿಕ್ಕುವ ಗ್ರೆಟ್ನಾ ಗ್ರೀನ್ ಗ್ರಾಮ ಓಡಿಬಂದ ಪ್ರಣಯಿಗಳ ತೀರ್ಥಕ್ಷೇತ್ರವಾಯಿತು. ಕಮ್ಮಾರನ ಅಡಿಗಲ್ಲಿನ ಮುಂದೆ ಎರಡು ಮಾತಾಡಿದರೆ ಮದುವೆ. 1856ರಲ್ಲಿ, ಇಬ್ಬರಲ್ಲಿ ಒಬ್ಬರಾದರೂ 21 ದಿನ ಸ್ಕಾಟ್ಲೆಂಡಿನಲ್ಲಿ ವಾಸಿಸಿರಬೇಕೆಂದು ವಿಧಿಸಿ ಆ ಓಟಕ್ಕೆ ತಡೆಹಾಕಿದರು. ಇದಕ್ಕಿಂತ ಗಂಭೀರವಾದದ್ದು, ದೀರ್ಘಕಾಲ ಸತಿಪತಿಗಳಂತೆ ಬಾಳಿ ಲೋಕದಲ್ಲಿ ಹಾಗೆಂದು ಖ್ಯಾತರಾದವರು ಸತಿಪತಿಗಳೇ ಎಂಬ ಅಲ್ಲಿನ ಹಳೆಯ ನಿಯಮ. ಅದು 2006ರವರೆಗೆ ಉಳಿದಿತ್ತು.

ಇಂಗ್ಲೆಂಡಿನಲ್ಲಿ ಸಾಕ್ಷ್ಯದ ಕೆಲಸವನ್ನು ಪುಸ್ತಕ ವಹಿಸಿಕೊಂಡ ಮೇಲೆ, ಸಹವಾಸಕ್ಕೆ ಉಳಿದದ್ದು ಆಜ್ಞೆಯ ಮುಖವೊಂದೇ. ಗಂಡನಾಗಲಿ ಹೆಂಡತಿಯಾಗಲಿ ನ್ಯಾಯವಾದ ಕಾರಣವಿಲ್ಲದೆ ಬಿಟ್ಟುಹೋದರೆ, ಮರಳಿ ಬಂದು ಕೂಡಿ ಬಾಳೆಂದು ಧರ್ಮಾಧಿಕರಣ ಆಜ್ಞಾಪಿಸುತ್ತಿತ್ತು, ಕೇಳದವರಿಗೆ ಬಹಿಷ್ಕಾರ. 1813ರಲ್ಲಿ ಬಹಿಷ್ಕಾರದ ಬದಲು ಆರು ತಿಂಗಳ ಮಿತಿಯ ಸೆರೆವಾಸ ಬಂದಿತು. ಪರಲೋಕದ ದಂಡನೆಯನ್ನು ಇಹಲೋಕದ ದಂಡನೆಯಾಗಿ ಬದಲಿಸಿದ್ದನ್ನು ಅಂದಿನವರು ಸುಧಾರಣೆಯೆಂದೇ ಎಣಿಸಿದರು. 1880ರ ದಶಕದ ಆದಿಯಲ್ಲಿ ಜಾರ್ಜಿನಾ ವೆಲ್ಡನ್ ಎಂಬ ಗಾಯಕಿ, ತನ್ನನ್ನು ಹುಚ್ಚಾಸ್ಪತ್ರೆಗೆ ಸೇರಿಸಲು ಹವಣಿಸಿದ್ದ ಗಂಡನ ಮೇಲೆಯೇ ಸಹವಾಸಕ್ಕಾಗಿ ದಾವೆ ಹೂಡಿ ಗೆದ್ದಳು. ಇನ್ನು ಮಾನವಂತನಾದ ಗೃಹಸ್ಥನೊಬ್ಬನು ಹೆಂಡತಿಯ ಮನೆಗೆ ಹೋಗಲೊಲ್ಲದ ಕಾರಣಕ್ಕೆ ಸೆರೆಮನೆಗೆ ಹೋಗಬೇಕಾದೀತೆಂದು ಕಂಡೊಡನೆ, ಪಾರ್ಲಿಮೆಂಟು 1884ರಲ್ಲಿ ಆ ಸೆರೆವಾಸವನ್ನು ತೆಗೆದುಹಾಕಿತು. ಸ್ತ್ರೀಯರಿಗೆ ಮಾತ್ರ ತಗಲುವ ಭಯವಾಗಿದ್ದಿದ್ದರೆ ಇಷ್ಟು ತ್ವರೆಯಿಂದ ತೆಗೆಯುತ್ತಿದ್ದರೋ ಇಲ್ಲವೋ, ಹೇಳುವುದು ಕಷ್ಟ.

ಆಮೇಲೂ ಗಂಡನ ಬಾಹುಬಲ ಉಳಿದಿತ್ತು. 1891ರ ಮಾರ್ಚಿಯ ಒಂದು ಭಾನುವಾರ ಲ್ಯಾಂಕಶೈರಿನ ಕ್ಲಿದರೋ ಪಟ್ಟಣದಲ್ಲಿ, ಪ್ರಾರ್ಥನೆ ಮುಗಿಸಿ ಇಗರ್ಜಿಯಿಂದ ಹೊರಬರುತ್ತಿದ್ದ ಎಮಿಲಿ ಜ್ಯಾಕ್ಸನ್ನಳನ್ನು, ಮದುವೆಯಾದೊಡನೆ ನ್ಯೂಜಿಲೆಂಡಿಗೆ ಹೋಗಿ ಮರಳಿದ್ದ ಆಕೆಯ ಗಂಡನು ಸಂಗಡಿಗರೊಡನೆ ಹಿಡಿದು ಗಾಡಿಗೆ ತಳ್ಳಿ ಬ್ಲ್ಯಾಕ್‌ಬರ್ನಿನ ಮನೆಯಲ್ಲಿ ಕೂಡಿಹಾಕಿದನು. ಸಹವಾಸಕ್ಕೆ ನ್ಯಾಯಸ್ಥಾನದ ಆಜ್ಞೆ ಆತನ ಕೈಯಲ್ಲಿತ್ತು. ಆಜ್ಞೆ ಪಾಲಿಸದ ಹೆಂಡತಿಯನ್ನು ಹಿಡಿದುತರುವ ಹಕ್ಕು ತನಗುಂಟೆಂದು ಆತನು ತಿಳಿದಿದ್ದನು. ಕೆಳಗಿನ ನ್ಯಾಯಾಧೀಶರೂ ಹಾಗೆಯೇ ತಿಳಿದರು. ಮೇಲಿನ ನ್ಯಾಯಾಲಯದಲ್ಲಿ ಲಾರ್ಡ್ ಹಾಲ್ಸ್‌ಬರಿ, ಲಾರ್ಡ್ ಈಷರ್, ಫ್ರೈ ಎಂಬ ಮೂವರು ಒಮ್ಮತದಿಂದ, ಹೆಂಡತಿಯನ್ನು ಬಂಧನದಲ್ಲಿಡುವ ಅಧಿಕಾರ ಇಂಗ್ಲೆಂಡಿನ ಯಾವ ಗಂಡನಿಗೂ ಇಲ್ಲವೆಂದು ಆಕೆಯನ್ನು ಬಿಡುಗಡೆ ಮಾಡಿದರು. ಊರಿಗೆ ಮರಳಿದಾಗ ಕ್ಲಿದರೋವಿನ ಜನ ಆಕೆಯನ್ನು ಜಯಕಾರದಿಂದಲ್ಲ, ಕೂಗಾಟದಿಂದ ಎದುರುಗೊಂಡರು.

ಆಜ್ಞೆಯ ಒಳಗಿದ್ದವರ ಪಾಡು ಇದಾದರೆ, ಹೊರಗಿದ್ದವರ ಪಾಡಿಗೆ ಮೇರಿ ಆನ್ ಎವನ್ಸಳಿಗಿಂತ ಹೆಚ್ಚಿನ ನಿದರ್ಶನ ಬೇಡ; ಜಾರ್ಜ್ ಎಲಿಯಟ್ ಎಂಬ ಪುರುಷನಾಮದಿಂದ ಕಾದಂಬರಿಗಳನ್ನು ಬರೆದವಳು ಆಕೆಯೇ. ಆಕೆ ಒಲಿದ ಜಾರ್ಜ್ ಹೆನ್ರಿ ಲೂಯಿಸನ ಹೆಂಡತಿಗೆ ಮತ್ತೊಬ್ಬನಿಂದ ಹುಟ್ಟಿದ ಮಗುವನ್ನು ಆತನು ತನ್ನದೆಂದೇ ಬರೆಸಿ ಕ್ಷಮಿಸಿದ್ದುದರಿಂದ, ಅಂದಿನ ನ್ಯಾಯದಂತೆ ವಿಚ್ಛೇದನದ ಬಾಗಿಲು ಆತನಿಗೆ ಮುಚ್ಚಿತ್ತು. 1854ರಲ್ಲಿ ಇಬ್ಬರೂ ಜರ್ಮನಿಯ ವೈಮಾರಿಗೆ ಹೋದರು. ಅಂದಿನಿಂದ 1878ರಲ್ಲಿ ಲೂಯಿಸನು ತೀರಿಕೊಳ್ಳುವವರೆಗೆ ಒಂದೇ ಮನೆಯಲ್ಲಿ ಬಾಳಿದರು. ಪುರುಷರು ಆ ಮನೆಗೆ ಬಂದರು, ಅವರ ಪತ್ನಿಯರು ಬಹುಕಾಲ ಬರಲಿಲ್ಲ. ಅಣ್ಣ ಐಸಾಕನು ಕಾಗದ ಬರೆಯುವುದನ್ನೇ ನಿಲ್ಲಿಸಿದನು. 1880ರ ಮೇ ತಿಂಗಳಲ್ಲಿ ಆಕೆ ತನಗಿಂತ ಇಪ್ಪತ್ತು ವರ್ಷ ಕಿರಿಯನಾದ ಜಾನ್ ಕ್ರಾಸನನ್ನು ಇಗರ್ಜಿಯಲ್ಲಿ ವಿಧಿವತ್ತಾಗಿ ವರಿಸಿದಾಗ, ಅಣ್ಣನಿಂದ ಅಭಿನಂದನಪತ್ರ ಬಂದಿತು. ಇಪ್ಪತ್ತನಾಲ್ಕು ವರ್ಷದ ಸಹವಾಸಕ್ಕೆ ಸಿಕ್ಕದ ಕಾಗದ ಒಂದು ಬೆಳಗಿನ ಶಾಸ್ತ್ರಕ್ಕೆ ಸಿಕ್ಕಿತು.

ಕೂಡಿ ಬಾಳೆಂಬ ಈ ಆಜ್ಞೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದಿತು. ಧರ್ಮಶಾಸ್ತ್ರಗಳಲ್ಲಿ ಪತಿಪತ್ನಿಯರ ಕರ್ತವ್ಯಗಳ ಉಪದೇಶ ವಿಪುಲವಾಗಿದ್ದರೂ, ದಾವೆ ಹೂಡಿ ಹೆಂಡತಿಯನ್ನು ಮನೆಗೆ ಕರೆಸುವ ಕ್ರಮ ಆಂಗ್ಲ ನ್ಯಾಯಸ್ಥಾನಗಳಿಂದಲೇ ಇಲ್ಲಿಗೆ ಬಂದದ್ದು. 1867ರಲ್ಲಿ ಪ್ರಿವಿ ಕೌನ್ಸಿಲು ಮುಸ್ಲಿಮ್ ದಂಪತಿಗಳ ಮೊಕದ್ದಮೆಯೊಂದರಲ್ಲಿ ಅದಕ್ಕೆ ಮುದ್ರೆಯೊತ್ತಿತು. 1884ರಲ್ಲಿ ಮುಂಬಯಿಯ ಹೈಕೋರ್ಟಿನಲ್ಲಿ ದಾದಾಜಿ ಭಿಕಾಜಿ ಎಂಬಾತನು ರುಖ್ಮಾಬಾಯಿಯ ಮೇಲೆ ಹೂಡಿದ ದಾವೆ ಇದನ್ನು ಮನೆಮನೆಯ ಮಾತಾಗಿಸಿತು. ಹನ್ನೊಂದನೆಯ ವಯಸ್ಸಿನಲ್ಲಿ ಆಕೆಗೆ ಮದುವೆಯಾಗಿತ್ತು. ಗಂಡನ ಮನೆಯಲ್ಲಿ ಆಕೆ ಒಂದು ದಿನವೂ ಸಂಸಾರ ಮಾಡಿರಲಿಲ್ಲ. ಮಲತಂದೆಯಾದ ಡಾಕ್ಟರ್ ಸಖಾರಾಮ ಅರ್ಜುನರ ಮನೆಯಲ್ಲಿ ಬೆಳೆದು ಓದು ಕಲಿತಿದ್ದಳು. ನ್ಯಾಯಮೂರ್ತಿ ಪಿನ್ಹೆ 1885ರಲ್ಲಿ, ಎಂದೂ ಆರಂಭವಾಗದ ಸಹವಾಸವನ್ನು 'ಮರಳಿ' ಕೊಡಿಸುವುದೆಂತು ಎಂದು ಕೇಳಿ ದಾವೆಯನ್ನು ತಳ್ಳಿಹಾಕಿದರು. ಮೇಲ್ಮನವಿಯಲ್ಲಿ ಆ ತೀರ್ಪು ನಿಲ್ಲಲಿಲ್ಲ. 1887ರ ಮಾರ್ಚಿಯಲ್ಲಿ ನ್ಯಾಯಮೂರ್ತಿ ಫಾರನ್ನರು, ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ಇಲ್ಲವಾದರೆ ಆರು ತಿಂಗಳು ಸೆರೆ ಎಂದರು. ಸೆರೆಯೇ ಆಗಲೆಂದು ರುಖ್ಮಾಬಾಯಿ ಹೇಳಿದಳು.

ಇಲ್ಲಿ ಕಾಲಗಣನೆಯನ್ನು ಗಮನಿಸಬೇಕು. ಇಂಗ್ಲೆಂಡು ತನ್ನ ಮಕ್ಕಳಿಗೆ ಈ ಸೆರೆವಾಸ ಅನುಚಿತವೆಂದು 1884ರಲ್ಲೇ ತೆಗೆದಿತ್ತು. ಇಂಡಿಯಕ್ಕೆ ಬರೆದುಕೊಟ್ಟ ಸಿವಿಲ್ ವ್ಯವಹಾರ ಸಂಹಿತೆಯಲ್ಲಿ ಅದು ಹಾಗೆಯೇ ಇತ್ತು. ಹೀಗಿದ್ದೂ 'ಕೇಸರಿ' ಪತ್ರಿಕೆಯಲ್ಲಿ ತಿಲಕರು ಈ ದಾವೆಯನ್ನು ಹಿಂದೂಧರ್ಮದ ರಕ್ಷಣೆಯೆಂಬಂತೆ ಸಮರ್ಥಿಸಿದರು. ಇಂಗ್ಲೆಂಡಿನ ಸುಧಾರಕರು ಅದೇ ಸೆರೆಯನ್ನು ಹಿಂದೂಗಳ ಕ್ರೌರ್ಯವೆಂಬಂತೆ ಖಂಡಿಸಿದರು. ಕ್ಯಾಂಟರ್ಬರಿಯ ಧರ್ಮಾಧಿಕರಣದ ಹಳೆಯ ಆಯುಧವೊಂದನ್ನು ಎರಡು ಪಕ್ಷದವರೂ ಮನುವಿನ ಮನೆಯ ಸೊತ್ತೆಂದು ಭ್ರಮಿಸಿ ಕಾದಾಡಿದರೆಂದರೆ ಅತ್ಯುಕ್ತಿಯಾಗಲಾರದು. 1888ರಲ್ಲಿ 2000 ರೂಪಾಯಿಗೆ ರಾಜಿಯಾಯಿತು. ದಾದಾಜಿ ಮತ್ತೊಂದು ಮದುವೆಯಾದನು. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ವೈದ್ಯವಿದ್ಯೆ ಕಲಿತು, ಮರಳಿ ಬಂದು ಸೂರತ್ತಿನಲ್ಲೂ ರಾಜಕೋಟೆಯಲ್ಲೂ ದಶಕಗಳ ಕಾಲ ಆಸ್ಪತ್ರೆಗಳನ್ನು ನಡೆಯಿಸಿ, 1955ರಲ್ಲಿ ತೀರಿಕೊಂಡಳು. ಆ ಸೆರೆವಾಸವು ಇಂಡಿಯದ ಸಂಹಿತೆಯಿಂದ ಹೋದದ್ದು 1923ರಲ್ಲಿ.

ನಮ್ಮ ಕರಾವಳಿಯಲ್ಲಿ ಈ ಆಜ್ಞೆ ಬೇರೊಂದು ಬಗೆಯ ತೊಡಕಿಗೆ ಸಿಕ್ಕಿತು. ತುಳುನಾಡಿನ ಬಂಟರೇ ಮೊದಲಾದ ಅಳಿಯಸಂತಾನದವರಲ್ಲಿ ಕುಟುಂಬವೆಂದರೆ ತಾಯಿಯ ಕುಟುಂಬ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುವುದು. ಮಕ್ಕಳು ತಾಯಿಯ ಕವರಿಗೆ, ಎಂದರೆ ತಾಯಿಯ ಕಡೆಯ ಶಾಖೆಗೆ, ಸೇರಿದವರು. ಗುತ್ತು ಎಂಬ ಹಿರಿಮನೆಯ ಯಜಮಾನನು ತನ್ನ ಮಗನಿಗಲ್ಲ, ಸೋದರಳಿಯನಿಗೆ ಅಧಿಕಾರ ಬಿಟ್ಟು ಹೋಗುವನು. ಭೂತಾಳಪಾಂಡ್ಯನೆಂಬ ಅರಸನು ಕಟ್ಟಳೆ ಮಾಡಿದನೆಂಬ ಐತಿಹ್ಯವಿದೆ. ಅವನ ಹೆಸರಿನ ಕಟ್ಟುಗ್ರಂಥದ ಪ್ರಾಚೀನತೆಯನ್ನು ಪಂಡಿತರು ಶಂಕಿಸಿದ್ದಾರೆ, ಪದ್ಧತಿಯ ಪ್ರಾಚೀನತೆಯನ್ನಲ್ಲ. ಧಾರೆಯೆರೆದು ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ಬಾಳುವುದೂ ಉಂಟು. ತಾಯಿಯ ಮನೆಯಲ್ಲಿದ್ದು ಗಂಡನೇ ಬಂದುಹೋಗುವುದೂ ಉಂಟು. ಆದರೆ ಎಲ್ಲಿದ್ದರೂ ಆಕೆಯ ಬೇರು ತಾಯಿಯ ಮನೆಯಲ್ಲಿಯೇ. ಸಂಬಂಧ ಸರಿಬಾರದಿದ್ದರೆ, ಗಂಡ ತೀರಿಕೊಂಡರೆ, ಆಕೆ ಅಲ್ಲಿಗೆ ಮರಳುವಳು. ಇದರಲ್ಲಿ ಅವಮಾನವಿಲ್ಲ, ಭಿಕ್ಷೆಯೂ ಇಲ್ಲ, ಹಕ್ಕು ಮಾತ್ರ. ಕೂಡಿ ಬಾಳುವುದು ದಂಪತಿಗಳ ಒಲವಿಗೆ ಬಿಟ್ಟದ್ದು. ಅನ್ನವನ್ನೂ ಸೂರನ್ನೂ ಕೊಡುವ ಹೊಣೆ ಕುಟುಂಬದ್ದು.

ಈ ಸೀಮೆ ಅಂದು ಸೇರಿದ್ದ ಮದ್ರಾಸಿನ ನ್ಯಾಯಾಧೀಶರಿಗೆ ಇದು ಅರ್ಥವಾಗಲಿಲ್ಲ. ಗಂಡನಿಗೆ ಕರೆದೊಯ್ಯುವ ಹಕ್ಕಿಲ್ಲ, ಹೆಂಡತಿಗೆ ಜೀವನಾಂಶದ ಹಕ್ಕಿಲ್ಲ, ಮಕ್ಕಳಿಗೆ ತಂದೆಯ ಆಸ್ತಿಯಿಲ್ಲ. ಹಾಗಾದರೆ ಇದು ಮದುವೆ ಹೇಗೆ? ಮಲಬಾರಿನ 'ಸಂಬಂಧ'ವೆಂಬ ಮದುವೆಯನ್ನೂ ತುಳುನಾಡಿನ ಧಾರೆಯನ್ನೂ ಅವರು ನ್ಯಾಯದ ದೃಷ್ಟಿಯಲ್ಲಿ ವಿವಾಹವಲ್ಲವೆಂದು, ಬರಿಯ ಸಹವಾಸವೆಂದು ಬರೆದಿಟ್ಟರು. ಶತಮಾನಗಳ ಕಾಲ ಊರ ಎದುರಿನಲ್ಲಿ ನಡೆದುಬಂದ ಮದುವೆಗಳು ಒಂದು ರುಜುವಿನಿಂದ ಮದುವೆಗಳಲ್ಲದೆ ಹೋದುವು. 1891ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರವರ ಅಧ್ಯಕ್ಷತೆಯಲ್ಲಿ ಸರ್ಕಾರ ವಿಚಾರಣಾಮಂಡಲಿಯೊಂದನ್ನು ನೇಮಿಸಿತು. 'ಇಂದುಲೇಖ' ಕಾದಂಬರಿಯ ಕರ್ತೃವೂ ನ್ಯಾಯಾಧಿಕಾರಿಯೂ ಆದ ಒ. ಚಂದುಮೇನೋನರು ಅದರ ಸದಸ್ಯರಾಗಿದ್ದು, ಸಂಬಂಧವು ಮದುವೆಯೇ, ಶಾಸನ ಒಪ್ಪದಿದ್ದರೆ ಕೊರತೆ ಶಾಸನದ್ದು ಎಂಬ ಆಶಯದ ಭಿನ್ನಮತವನ್ನು ಬರೆದರು. 1896ರಲ್ಲಿ ಬಂದ ಕಾಯಿದೆ ಮದುವೆಗಳನ್ನು ನೋಂದಾಯಿಸಲು ಅವಕಾಶ ಕೊಟ್ಟಿತು; ಜನ ಅತ್ತ ಹೊರಳಿಯೂ ನೋಡಲಿಲ್ಲ. ಈಗಾಗಲೇ ಮದುವೆಯಾದವರು ತಮ್ಮ ಮದುವೆಯನ್ನು ಮದುವೆಯೆಂದು ಬರೆಸಲು ಕಚೇರಿಗೆ ಏತಕ್ಕೆ ಹೋಗಬೇಕು? ದಕ್ಷಿಣ ಕನ್ನಡದ ಮಟ್ಟಿಗೆ ಗಣನೀಯ ಬದಲಾವಣೆ ತಂದದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ. ಆಸ್ತಿಯ ವಿಭಾಗಕ್ಕೆ ಎಡೆಕೊಟ್ಟು ಅದು ತಾಯಿಯ ಮನೆಯ ಕಂಬವನ್ನೇ ಸಡಿಲಿಸಿತು. ಆಮೇಲೆ ಹೆಣ್ಣಿಗೆ ಗಂಡನ ಮನೆ ಆಯ್ಕೆಯಾಗಿ ಉಳಿಯದೆ ಬಹುಮಟ್ಟಿಗೆ ಅನಿವಾರ್ಯವಾಯಿತು.

ಘಟ್ಟದ ಮೇಲಿನ ಸೀಮೆಯಲ್ಲಿಯೂ ಕೂಡಿಕೆ, ಸೀರುಡಿಕೆ ಎಂಬ ಹೆಸರಿನ, ಹೋಮವಿಲ್ಲದ, ಮೇಳವಿಲ್ಲದ ಸಂಬಂಧಗಳು ಅನೇಕ ಕುಲಗಳಲ್ಲಿ ನಡೆದುಬಂದಿದ್ದುವು. ಗಂಡ ಸತ್ತವಳು, ಗಂಡನನ್ನು ಬಿಟ್ಟವಳು ಕುಲದವರ ಎದುರಿನಲ್ಲಿ ಹೊಸ ಸೀರೆಯುಟ್ಟು ಮತ್ತೊಬ್ಬನ ಮನೆ ತುಂಬುವಳು. ಮೊದಲ ಮದುವೆಯ ಮರ್ಯಾದೆ ಅದಕ್ಕಿರಲಿಲ್ಲ. ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವಂತಿರಲಿಲ್ಲ. ಆದರೆ ಹುಟ್ಟಿದ ಮಕ್ಕಳನ್ನು ಅಕ್ರಮವೆಂದು ಕುಲ ಕರೆಯುತ್ತಿರಲಿಲ್ಲ.

ಸ್ವತಂತ್ರ ಭಾರತವು 1955ರ ಹಿಂದೂ ವಿವಾಹ ಕಾಯಿದೆಯ 9ನೆಯ ಕಲಮಿನಲ್ಲಿ ಆ ಹಳೆಯ ಆಜ್ಞೆಯನ್ನು ತನ್ನದಾಗಿ ಮಾಡಿಕೊಂಡಿತು. ಇಂಗ್ಲೆಂಡು 1970ರ ಶಾಸನದಿಂದ ಅದನ್ನು ರದ್ದುಪಡಿಸಿತು; ಹುಟ್ಟಿದ ಮನೆಯಲ್ಲಿ ಸತ್ತದ್ದು ಸಾಕುಮನೆಯಲ್ಲಿ ಉಳಿಯಿತು. 1983ರಲ್ಲಿ ಆಂಧ್ರಪ್ರದೇಶದ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಎ. ಚೌಧರಿಯವರು ಈ ಕಲಮು ಮನುಷ್ಯನ ಅಂತರಂಗದ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹೊಡೆದುಹಾಕಿದರೂ, ಮರುವರ್ಷ ಸುಪ್ರೀಂಕೋರ್ಟು ಅದನ್ನು ಎತ್ತಿಹಿಡಿಯಿತು. ಸಾಕ್ಷ್ಯದ ಮುಖವೂ ಪೂರ್ತಿ ಅಳಿದಿಲ್ಲ. ಸುಮಾರು ಐವತ್ತು ವರ್ಷ ಸತಿಪತಿಗಳಾಗಿ ಬಾಳಿದ ಇಬ್ಬರ ಮದುವೆಯನ್ನು ಪ್ರಶ್ನಿಸಿದ ಮೊಕದ್ದಮೆ 1978ರಲ್ಲಿ ಬಂದಾಗ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ಅರ್ಧ ಶತಮಾನದ ಬಳಿಕ ಪುರೋಹಿತನನ್ನೂ ನೆಂಟರನ್ನೂ ಸಾಕ್ಷಿಗೆ ಕರೆತನ್ನಿರೆಂದರೆ ಯಾರ ಮದುವೆಯೂ ನಿಲ್ಲದೆಂಬ ಅಭಿಪ್ರಾಯದಿಂದ ಆ ಬಾಳನ್ನೇ ಸಾಕ್ಷ್ಯವಾಗಿ ಸ್ವೀಕರಿಸಿದರು. ಮದುವೆಯಿಲ್ಲದೆ ಮದುವೆಯಂತೆಯೇ ಬಾಳುವ ಸ್ತ್ರೀಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ ರಕ್ಷಣೆ ನೀಡಿತು. ಅದರ ಎಲ್ಲೆ ಯಾವುದೆಂದು ಸುಪ್ರೀಂಕೋರ್ಟು 2013ರಲ್ಲಿ ವಿವರವಾಗಿ ಬರೆದದ್ದು ಬೆಂಗಳೂರಿನಿಂದ ಹೋದ ಮೊಕದ್ದಮೆಯೊಂದರಲ್ಲಿ. ಇನ್ನು ಉತ್ತರಾಖಂಡದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದಿರುವ ಸಂಹಿತೆಯ ಪ್ರಕಾರ, ಮದುವೆಯಾಗದೆ ಕೂಡಿ ಬಾಳುವವರು ಸಹ ಒಂದು ತಿಂಗಳೊಳಗಾಗಿ ಆ ಸಂಗತಿಯನ್ನು ಅಧಿಕಾರಿಯ ಬಳಿ ಬರೆಸಬೇಕು. ಬರೆಸದಿದ್ದರೆ ಮೂರು ತಿಂಗಳವರೆಗೆ ಸೆರೆವಾಸವನ್ನು ವಿಧಿಸಬಹುದು.